ಶಂಕೆಯ ವರದಿ ಬಂದ ಮೇಲೆ ಏನಾಯಿತು?

ಸಾಮಾನ್ಯ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಪತ್ತೆ ಮತ್ತು ಅದರ ಮುಂದಿನ ತಪಾಸಣೆಗಳನ್ನು ಪರಿಶೀಲಿಸುವ ಬಗ್ಗೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಗೆ ಈ ಬಾರಿ ಉತ್ತರಿಸಿದ್ದೇನೆ. ಪತ್ರ ಬರೆದವರ ಮತ್ತು ಅವರು ಪ್ರಸ್ತಾಪಿಸಿದ ಆಸ್ಪತ್ರೆಗಳ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನಾನು ಮಂಗಳೂರಿನ ಒಂದು ಸಾಮಾನ್ಯ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನಮ್ಮಲ್ಲಿ ಪ್ರತ್ಯೇಕ ಕ್ಯಾನ್ಸರ್ ವಿಭಾಗವಿಲ್ಲ. ರೋಗ ಖಚಿತವಾದವರನ್ನು ಬೇರೆ ಆಸ್ಪತ್ರೆಗೆ ಕಳುಹಿಸುತ್ತೇವೆ. ಪತ್ತೆ ಸಕಾಲದಲ್ಲಿ ಆಗುತ್ತಿದೆಯೇ ಎಂದು ಆಡಿಟ್ ಮಾಡುವ ಕೆಲಸವನ್ನು ಗುಣಮಟ್ಟ ಸಮಿತಿಯವರು ನನಗೆ ವಹಿಸಿದ್ದಾರೆ. ಕಳೆದ ವರ್ಷ ಕ್ಯಾನ್ಸರ್ ಎಂದು ಕೋಡ್ ಆದ ಕೇಸ್ ಶೀಟ್‌ಗಳನ್ನೆಲ್ಲ ದಾಖಲೆ ವಿಭಾಗದಿಂದ ತೆಗೆಸಿ, ರೋಗಿ ದಾಖಲಾದ ದಿನದಿಂದ ಬಯಾಪ್ಸಿ (ಅಂಗಾಂಶ ಪರೀಕ್ಷೆ) ವರದಿ ಬಂದ ದಿನದವರೆಗಿನ ಅಂತರವನ್ನು ಲೆಕ್ಕ ಹಾಕಿದ್ದೇನೆ. ಸರಾಸರಿ ಚೆನ್ನಾಗಿಯೇ ಇದೆ. ಇಷ್ಟು ಸಾಕೇ?

ಉತ್ತರ: ಸಾಲದು. ನೀವು ತೆಗೆಸಿದ ಪಟ್ಟಿಯಲ್ಲಿರುವವರೆಲ್ಲ ಕಡೆಗೂ ನಿಮ್ಮ ಕೈಗೆ ಸಿಕ್ಕಿದವರು. ಸಂದೇಹದ ವರದಿ ಬಂದರೂ ಮುಂದಿನ ತಪಾಸಣೆಯೇ ಆಗದೆ ಹೋದವರು, ಹೊರರೋಗಿ ವಿಭಾಗದಲ್ಲೇ ಸೂಜಿ ಪರೀಕ್ಷೆ ಮಾಡಿಸಿಕೊಂಡು ವರದಿ ಒಯ್ಯಲು ಬಾರದವರು, ಒಂದು ಸ್ಕ್ಯಾನ್ ಆದ ಮೇಲೆ ಊರಿಗೆ ಹಿಂದಿರುಗಿದವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ನಮ್ಮ ಹೆಚ್ಚಿನ ಆಸ್ಪತ್ರೆಗಳಲ್ಲಿ ರೋಗದ ಕೋಡ್ ಹಾಕುವುದು ಒಳರೋಗಿಗಳ ಕೇಸ್ ಶೀಟ್‌ಗೆ ಮಾತ್ರ; ಹೊರರೋಗಿಯ ಚೀಟಿ ಅವನ ಜೊತೆಗೇ ಮನೆಗೆ ಹೋಗುತ್ತದೆ. ಆದ್ದರಿಂದ ಆಡಿಟ್ ಯಾರನ್ನು ಹುಡುಕಬೇಕಾಗಿತ್ತೋ ಅವರನ್ನೇ ಕೈಬಿಟ್ಟು ತೆಗೆದ ಸರಾಸರಿ ಅದು. ಚೆನ್ನಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಬದಲಾಗಿ ಸಂದೇಹದ ವರದಿಯಿಂದ ಹೊರಟು ಮುಂದಕ್ಕೆ ನಡೆಯಿರಿ. ಪೆಥಾಲಜಿಯ ಬಯಾಪ್ಸಿ ಮತ್ತು ಸೂಜಿ ಪರೀಕ್ಷೆಯ ರಿಜಿಸ್ಟರ್, ರೇಡಿಯಾಲಜಿಯ ವರದಿಗಳು, ಎಂಡೋಸ್ಕೋಪಿ ಕೊಠಡಿಯ ಪುಸ್ತಕ, ಈ ಮೂರು ಕಡೆಗಳಿಂದ ಹೆಸರುಗಳನ್ನು ತೆಗೆಯಿರಿ. ರೇಡಿಯಾಲಜಿ ವರದಿಗಳು ಕಂಪ್ಯೂಟರಿನಲ್ಲಿದ್ದರೆ ಮಾಸ್, ಲೀಷನ್, ಸಸ್ಪಿಶಿಯಸ್, ಮ್ಯಾಲಿಗ್ನನ್ಸಿ, ಬಯಾಪ್ಸಿ ಎಂಬ ಪದಗಳಿಂದ ಹುಡುಕಬಹುದು. ಆದರೆ ಮ್ಯಾಲಿಗ್ನನ್ಸಿಯ (ಕ್ಯಾನ್ಸರಿನ) ಲಕ್ಷಣವಿಲ್ಲ ಎಂದು ಬರೆದ ವರದಿಯೂ ಅದೇ ಪದಕ್ಕೆ ಸಿಕ್ಕಿಬೀಳುವುದರಿಂದ, ಹೀಗೆ ಬಂದ ಪಟ್ಟಿಯನ್ನು ಒಬ್ಬರು ಕುಳಿತು ಓದಿ ಜಾಳಿಸಲೇಬೇಕು. ಇಡೀ ವರ್ಷದ ವರದಿಗಳು ಬೇಡ. ಮೂರು ತಿಂಗಳಿನವು ಸಾಕು, ಆದರೆ ಆ ಮೂರು ತಿಂಗಳು ಮುಗಿದು ಕನಿಷ್ಠ ಆರು ತಿಂಗಳಾದರೂ ಕಳೆದಿರಬೇಕು. ಇಲ್ಲದಿದ್ದರೆ ಇನ್ನೂ ನಡೆಯುತ್ತಿರುವ ತಪಾಸಣೆಯನ್ನೂ ತಪ್ಪಿಹೋದದ್ದೆಂದು ಎಣಿಸುವಿರಿ. ಎಲ್ಲ ಅಂಗಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಸ್ತನದ ಗಂಟು, ಎದೆಯ ಎಕ್ಸ್‌ರೇಯ ನೆರಳು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಐವತ್ತು ದಾಟಿದವರ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ, ಇವುಗಳಲ್ಲಿ ಎರಡನ್ನು ಆರಿಸಿಕೊಂಡರೆ ಮೊದಲ ಸುತ್ತಿಗೆ ಬೇಕಾದಷ್ಟಾಯಿತು.

ಒಬ್ಬೊಬ್ಬ ರೋಗಿಗೂ ದಿನಾಂಕಗಳ ಒಂದು ಸಾಲು ಬರೆಯಿರಿ: ತೊಂದರೆ ಹೇಳಿಕೊಂಡು ಮೊದಲು ಬಂದ ದಿನ, ಪರೀಕ್ಷೆ ಬರೆದುಕೊಟ್ಟ ದಿನ, ಪರೀಕ್ಷೆ ನಡೆದ ದಿನ, ವರದಿಗೆ ಸಹಿ ಬಿದ್ದ ದಿನ, ಅದನ್ನು ಬರೆಸಿದ ವೈದ್ಯರು ನೋಡಿದ ದಿನ, ರೋಗಿಗೆ ತಿಳಿಸಿದ ದಿನ, ಮುಂದಿನ ಪರೀಕ್ಷೆ ನಡೆದ ದಿನ, ರೋಗ ಖಚಿತವಾದ ಅಥವಾ ಇಲ್ಲವೆಂದಾದ ದಿನ, ಬೇರೆಡೆಗೆ ಕಳುಹಿಸಿದ ದಿನ. ಇಂಥ ಅಂತರಗಳನ್ನು ಹೇಗೆ ವ್ಯಾಖ್ಯಾನಿಸಬೇಕೆಂಬುದಕ್ಕೆ 2012ರಲ್ಲಿ ಪ್ರಕಟವಾದ ಆರ್ಹಸ್ ಹೇಳಿಕೆ ಎಂಬ ತಜ್ಞರ ಒಮ್ಮತದ ದಾಖಲೆಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ನೀವೂ ಅದನ್ನೇ ಅನುಸರಿಸಿದರೆ ನಾಳೆ ಬೇರೆ ಆಸ್ಪತ್ರೆಯೊಂದಿಗೆ ಹೋಲಿಸಲು ಅನುಕೂಲ. ಸಾಲು ತುಂಬಿಸುತ್ತ ಹೋದಂತೆ ನಿಮಗೊಂದು ಸಂಗತಿ ಕಾಣುತ್ತದೆ. ವರದಿಯನ್ನು ವೈದ್ಯರು ನೋಡಿದ ದಿನ ಮತ್ತು ರೋಗಿಗೆ ತಿಳಿಸಿದ ದಿನ, ಈ ಎರಡು ಮನೆಗಳು ಬಹುಪಾಲು ಖಾಲಿ ಉಳಿಯುತ್ತವೆ. ಅವನ್ನು ಅಂದಾಜಿನಿಂದ ತುಂಬಿಸಬೇಡಿ. ಖಾಲಿಯಿದೆ ಎಂಬುದೇ ನಿಮ್ಮ ಆಡಿಟ್‌ನ ಮೊದಲ ಫಲಿತಾಂಶ.

ಮಾನದಂಡವನ್ನು ಲೆಕ್ಕ ಹಾಕುವ ಮೊದಲೇ ಬರೆದಿಡಬೇಕು. ಅಂಕಿಗಳು ಬಂದ ಮೇಲೆ ಗೆರೆ ಎಳೆದರೆ ಎಲ್ಲರೂ ಪಾಸಾಗುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: ಬಯಾಪ್ಸಿ ಮಾಡಿಸಬೇಕೆಂದು ಸೂಚಿಸಿದ ಪ್ರತಿಯೊಂದು ವರದಿಗೂ ಹದಿನಾಲ್ಕು ದಿನಗಳೊಳಗೆ ಒಂದೋ ಬಯಾಪ್ಸಿ ನಡೆದಿರಬೇಕು, ಇಲ್ಲವೇ ಏಕೆ ಬೇಡವೆಂಬುದನ್ನು ಒಬ್ಬ ವೈದ್ಯರು ಸಹಿಯೊಂದಿಗೆ ಬರೆದಿರಬೇಕು. ಹದಿನಾಲ್ಕು ಎಂಬುದು ಯಾವ ಶಾಸ್ತ್ರದ ವಾಕ್ಯವೂ ಅಲ್ಲ. ನಿಮ್ಮ ಪೆಥಾಲಜಿಯವರೊಂದಿಗೆ ಕುಳಿತು ಸಾಧ್ಯವೂ ಸಮಂಜಸವೂ ಆದ ಸಂಖ್ಯೆಯನ್ನು ಒಪ್ಪಿಕೊಳ್ಳಿ.

ಬಳಿಕ ಪ್ರತಿಯೊಬ್ಬರನ್ನೂ ಒಂದು ಗುಂಪಿಗೆ ಸೇರಿಸಬೇಕಾಗುತ್ತದೆ. ಸಮಯಕ್ಕೆ ಆದದ್ದು, ತಡವಾಗಿ ಆದದ್ದು, ಬೇಡವೆಂದು ಕಾರಣ ಬರೆದದ್ದು, ಬೇರೆ ಆಸ್ಪತ್ರೆಯಲ್ಲಿ ಮಾಡಿಸಿಕೊಂಡದ್ದು ಖಚಿತವಾದದ್ದು, ತಿಳಿಸಿದರೂ ರೋಗಿ ಒಪ್ಪದೆ ಇದ್ದದ್ದು, ಯಾವ ಸುಳಿವೂ ಇಲ್ಲದ್ದು. ಕೊನೆಯ ಎರಡನ್ನು ಯಾವ ಕಾರಣಕ್ಕೂ ಬೆರೆಸಬೇಡಿ. ನಮ್ಮ ಚೀಟಿಗಳಲ್ಲಿ ರೋಗಿ ಬರಲಿಲ್ಲ ಎಂದು ಬರೆಯುವುದು ಬಹಳ ಸುಲಭ. ಬರಬೇಕೆಂದು ಅವರಿಗೆ ಯಾರು, ಯಾವಾಗ, ಯಾವ ಭಾಷೆಯಲ್ಲಿ ಹೇಳಿದರು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ, ಚಿಕ್ಕಮಗಳೂರಿನಿಂದ, ಉತ್ತರ ಕನ್ನಡದಿಂದ ಜನ ಬರುತ್ತಾರೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಅಥವಾ ಮಲಯಾಳ ಆಡುವ ಹಿರಿಯರಿಗೆ ಮುದ್ರಿತ ಇಂಗ್ಲಿಷ್ ವರದಿಯನ್ನು ಕೌಂಟರಿನಿಂದ ಕೊಟ್ಟು ಕಳುಹಿಸಿದ್ದನ್ನು ತಿಳಿಸಿದ್ದೆಂದು ಎಣಿಸಬಾರದೆಂಬುದು ನನ್ನ ಅಭಿಪ್ರಾಯ.

ಶಸ್ತ್ರಚಿಕಿತ್ಸಾ ವಿಭಾಗದವರಾದ ನೀವು ಮೊದಲು ಹುಡುಕಬೇಕಾದ ಜಾಗವನ್ನೂ ಹೇಳಿಬಿಡುತ್ತೇನೆ. ಕಲ್ಲಿಗಾಗಿ ತೆಗೆದ ಪಿತ್ತಕೋಶ, ಮೂತ್ರ ಕಟ್ಟಿದ್ದಕ್ಕಾಗಿ ಕೆರೆದು ತೆಗೆದ ಪ್ರಾಸ್ಟೇಟ್ ಚೂರುಗಳು, ಅತಿಸ್ರಾವಕ್ಕಾಗಿ ತೆಗೆದ ಗರ್ಭಕೋಶ, ಇವುಗಳಲ್ಲಿ ಯಾರೂ ನಿರೀಕ್ಷಿಸದ ಕ್ಯಾನ್ಸರ್ ಆಗಾಗ ಸಿಗುತ್ತದೆ. ವರದಿ ಬರುವ ಹೊತ್ತಿಗೆ ರೋಗಿ ಡಿಸ್ಚಾರ್ಜ್ ಆಗಿರುತ್ತಾನೆ, ಹೊಲಿಗೆ ಬಿಚ್ಚಿಸಿಕೊಳ್ಳುವುದನ್ನು ಊರಿನ ಡಾಕ್ಟರರ ಬಳಿಯೇ ಮುಗಿಸಿರುತ್ತಾನೆ, ವರದಿಯನ್ನು ಬರೆಸಿದ ಪಿಜಿ ವಿದ್ಯಾರ್ಥಿಯ ಪೋಸ್ಟಿಂಗ್ ಬದಲಾಗಿರುತ್ತದೆ. ಕಾಗದ ವಾರ್ಡಿಗೆ ಬಂದು, ಹಳೆಯ ಕೇಸ್ ಶೀಟ್ ಹುಡುಕಿ ಅದರೊಳಗೆ ಸೇರಿಸಲ್ಪಟ್ಟು, ದಾಖಲೆ ಕೊಠಡಿಗೆ ಹೋಗುತ್ತದೆ. ಎಲ್ಲರೂ ತಂತಮ್ಮ ಕೆಲಸ ಮಾಡಿದ್ದಾರೆ, ರೋಗಿಗೆ ಮಾತ್ರ ಗೊತ್ತಿಲ್ಲ. ಕಳೆದ ವರ್ಷದ ಪೆಥಾಲಜಿ ರಿಜಿಸ್ಟರಿನಲ್ಲಿ ಇಂಥ ಅನಿರೀಕ್ಷಿತ ಕ್ಯಾನ್ಸರ್‌ಗಳನ್ನು ಗುರುತು ಹಾಕಿ, ಒಬ್ಬೊಬ್ಬರಿಗೂ ಫೋನ್ ಮಾಡಿ ನೋಡಿ. ಇದು ಆಡಿಟ್ ಮುಗಿಯುವವರೆಗೆ ಕಾಯಬೇಕಾದ ಕೆಲಸವಲ್ಲ. ಯಾರಾದರೂ ತಪ್ಪಿಹೋಗಿರುವುದು ಕಂಡ ದಿನವೇ ಅವರನ್ನು ಕರೆಸಬೇಕು.

ನಿಮ್ಮ ಹಳೆಯ ಪಟ್ಟಿಯೂ ವ್ಯರ್ಥವಲ್ಲ. ಕ್ಯಾನ್ಸರ್ ಖಚಿತವಾದವರನ್ನು, ಅದರಲ್ಲೂ ಕರುಳು ಕಟ್ಟಿಕೊಂಡು ಅಥವಾ ರಕ್ತ ವಾಂತಿಯಾಗಿ ತುರ್ತು ವಿಭಾಗದ ಮೂಲಕ ಬಂದವರನ್ನು ಆರಿಸಿ, ಅದಕ್ಕೂ ಹಿಂದಿನ ಹನ್ನೆರಡು ತಿಂಗಳಲ್ಲಿ ಅವರು ನಿಮ್ಮ ಯಾವುದಾದರೂ ವಿಭಾಗಕ್ಕೆ ಬಂದಿದ್ದರೇ, ಆಗ ಹಿಮೋಗ್ಲೋಬಿನ್ ಎಷ್ಟಿತ್ತು, ಏನು ಕೊಟ್ಟು ಕಳುಹಿಸಿದಿರಿ ಎಂಬುದನ್ನು ನೋಡಿ. ಮೂರು ಸಲ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಒಮ್ಮೆಯೂ ಕೊಲೊನೋಸ್ಕೋಪಿಯ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಮಾತೆತ್ತದ ಚೀಟಿ ಸಿಕ್ಕರೆ ಅದು ನೂರು ಸರಾಸರಿಗಳಿಗಿಂತ ಹೆಚ್ಚು ಕಲಿಸುತ್ತದೆ. ಲೆಕ್ಕದಲ್ಲಿಯೂ ಸರಾಸರಿಯ ಬದಲು ಮಧ್ಯಾಂಕವನ್ನು (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಸಂಖ್ಯೆ), ಅದರ ಪಕ್ಕದಲ್ಲಿ ಗೆರೆ ದಾಟಿದವರು ಎಷ್ಟರಲ್ಲಿ ಎಷ್ಟು ಮಂದಿ ಎಂಬುದನ್ನು ಕೊಡಿ.

ಅತಿಯಾದ ತಪಾಸಣೆಯನ್ನೂ ಎಣಿಸಿ ಎಂದು ಕೇಳಿಕೊಳ್ಳುತ್ತೇನೆ. ಯಾವ ತೊಂದರೆಯೂ ಇಲ್ಲದವರಿಗೆ ಪ್ಯಾಕೇಜಿನಲ್ಲಿ ಸೇರಿಸಿ ಮಾಡಿಸಿದ ಟ್ಯೂಮರ್ ಮಾರ್ಕರ್ ಎಂಬ ರಕ್ತಪರೀಕ್ಷೆಗಳು, ಶ್ವಾಸಕೋಶದ ಚಿಕ್ಕ ಗಂಟಿಗೆ ಮೂರು ಮೂರು ತಿಂಗಳಿಗೆ ಮಾಡಿದ ಸಿಟಿ ಸ್ಕ್ಯಾನ್‌ಗಳು ಹಣವನ್ನೂ ನಿದ್ರೆಯನ್ನೂ ಕಸಿಯುತ್ತವೆ. ಅಪಾಯ ಕಡಿಮೆಯಿರುವ ವ್ಯಕ್ತಿಯಲ್ಲಿ ಆಕಸ್ಮಿಕವಾಗಿ ಕಂಡ, 6 ಮಿಲಿಮೀಟರಿಗಿಂತ ಚಿಕ್ಕದಾದ ಗಟ್ಟಿ ಗಂಟಿಗೆ ರೂಢಿಯಾಗಿ ಮತ್ತೆ ಸ್ಕ್ಯಾನ್ ಬೇಕಿಲ್ಲವೆಂದು ಎದೆಯ ಚಿತ್ರಣದ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಷ್‌ನರ್ ಸೊಸೈಟಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಬದಲಾವಣೆಯ ವಿಷಯಕ್ಕೆ ಬಂದಾಗ ಎಲ್ಲ ಯುನಿಟ್‌ಗಳಿಗೂ ಸುತ್ತೋಲೆ ಹೊರಡಿಸಲಾಯಿತು ಎಂದು ಬರೆದು ಮುಗಿಸಬೇಡಿ. ಸುತ್ತೋಲೆ ನೋಟಿಸ್ ಬೋರ್ಡಿನಲ್ಲಿ ಹಳದಿಯಾಗುತ್ತದೆ. ಪೆಥಾಲಜಿಯಿಂದ ಪ್ರತಿ ವಾರ ಹೊಸ ಕ್ಯಾನ್ಸರ್ ವರದಿಗಳ ಪಟ್ಟಿ ಹೆಸರಿಟ್ಟ ಒಬ್ಬರೇ ವ್ಯಕ್ತಿಗೆ ಹೋಗಬೇಕು. ಮುಂದಿನ ಹೆಜ್ಜೆ ಖಚಿತವಾಗುವವರೆಗೆ ಆ ಹೆಸರಿಗೆ ಗೆರೆ ಎಳೆಯಬಾರದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇನ್ನೂ ಬರಬೇಕಾದ ವರದಿಗಳು ಎಂಬ ಒಂದು ಸಾಲು ಕಡ್ಡಾಯವಾಗಬೇಕು. ನೋಂದಣಿಯಲ್ಲಿ ಎರಡು ಫೋನ್ ನಂಬರುಗಳಿರಬೇಕು, ಅವು ಯಾರವು ಎಂಬುದೂ ಇರಬೇಕು. ಈಗ ಅನೇಕ ಕಡೆ ಇರುವುದು ಗಲ್ಫ್‌ನಲ್ಲಿರುವ ಮಗನ ಹಳೆಯ ಊರಿನ ನಂಬರು. ಇವು ಜಾರಿಗೆ ಬಂದ ಮೇಲೆ ಅದೇ ಎರಡು ವಿಷಯಗಳನ್ನು ಅದೇ ಮಾನದಂಡದಿಂದ ಮತ್ತೊಮ್ಮೆ ಅಳೆಯಿರಿ. ಎರಡನೆಯ ಅಳತೆ ಇಲ್ಲದ್ದು ಆಡಿಟ್ ಅಲ್ಲ, ಸಮೀಕ್ಷೆ.

ಪ್ರಶ್ನೆ: ನಾನು ಉಡುಪಿಯವಳು. ನಮ್ಮ ಅಮ್ಮ ಬೇರೆ ಕಾಯಿಲೆಗಾಗಿ ಆಸ್ಪತ್ರೆಯಲ್ಲಿದ್ದಾಗ ಸ್ತನದಲ್ಲಿ ಗಂಟು ಇದೆಯೆಂದು ಮ್ಯಾಮೊಗ್ರಾಂ ಮಾಡಿದ್ದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ನಾಲ್ಕು ತಿಂಗಳ ಮೇಲೆ ಕಾಗದಗಳನ್ನು ಹುಡುಕುವಾಗ ವರದಿ ಸಿಕ್ಕಿತು. ಬೈರಾಡ್ಸ್ 4 ಎಂದಿದೆ. ಇದು ಕ್ಯಾನ್ಸರ್ ಎಂದರ್ಥವೇ? ಆಸ್ಪತ್ರೆಯವರು ಆಂತರಿಕ ಆಡಿಟ್‌ನಲ್ಲಿ ನೋಡುತ್ತೇವೆ ಎನ್ನುತ್ತಿದ್ದಾರೆ. ಅದರಿಂದ ನಮಗೇನು ಸಿಗುತ್ತದೆ?

ಉತ್ತರ: ಮೊದಲು ಅಮ್ಮನ ವಿಷಯ. ಬೈರಾಡ್ಸ್ ಎಂಬುದು ಸ್ತನದ ಚಿತ್ರಗಳಲ್ಲಿ ಕಂಡದ್ದು ಎಷ್ಟು ಸಂದೇಹಾಸ್ಪದ ಎಂದು ಹೇಳುವ ವರ್ಗೀಕರಣ. ಅದರಲ್ಲಿ 4 ಎಂದರೆ ಕ್ಯಾನ್ಸರ್ ಎಂದಲ್ಲ. ಸಂದೇಹವಿದೆ, ಅಂಗಾಂಶ ತೆಗೆದು ನೋಡಲೇಬೇಕು ಎಂದು. ಈ ವರ್ಗದ ವ್ಯಾಪ್ತಿ ಬಹಳ ಅಗಲ. ಇದರೊಳಗೆ ನೂರಕ್ಕೆ ಎರಡರಷ್ಟು ಸಂಭವವಿರುವ ಗಂಟೂ ಬರುತ್ತದೆ, ತೊಂಬತ್ತೈದರ ಹತ್ತಿರದ್ದೂ ಬರುತ್ತದೆ. ಬಯಾಪ್ಸಿ ಆದ ಮೇಲೆ ಏನೂ ಅಪಾಯವಿಲ್ಲವೆಂದು ತಿಳಿದವರು ಬಹಳ ಮಂದಿ ಇದ್ದಾರೆ. ಆದ್ದರಿಂದ ಹೆದರಿ ಕೂರಬೇಡಿ, ಆದರೆ ಈ ವಾರವೇ ಸ್ತನದ ಶಸ್ತ್ರವೈದ್ಯರೊಬ್ಬರನ್ನು ಕಾಣಿ. ಅವರು ಕೈಯಿಂದ ಪರೀಕ್ಷಿಸಿ, ಬೇಕಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ, ದಪ್ಪ ಸೂಜಿಯಿಂದ ಚೂರು ತೆಗೆಯುವ ಕೋರ್ ಬಯಾಪ್ಸಿ ಮಾಡುತ್ತಾರೆ. ಈ ಮೂರರ ಫಲಿತಾಂಶವೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಬಯಾಪ್ಸಿ ಸರಿಯಿದೆ ಎಂದ ಮಾತ್ರಕ್ಕೆ ಬಿಟ್ಟುಬಿಡಬಾರದು.

ಹೋಗುವಾಗ ವರದಿಯ ಜೊತೆಗೆ ಮ್ಯಾಮೊಗ್ರಾಂ ಚಿತ್ರಗಳ ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ. ದಾಖಲೆಗಳನ್ನು ಕೇಳುವುದು ನಿಮ್ಮ ಹಕ್ಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಅಮ್ಮನ ಸಹಿಯೊಂದಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಸಿಕೊಳ್ಳಿ.

ಆಡಿಟ್‌ನಿಂದ ನಿಮಗೇನು ಸಿಗುತ್ತದೆ ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಾದರೆ, ನೇರವಾಗಿ ಏನೂ ಇಲ್ಲ. ಆಡಿಟ್ ಎಂಬುದು ಇಂಥ ವರದಿಗಳು ಎಷ್ಟು, ಯಾವ ಹಂತದಲ್ಲಿ ನಿಂತುಹೋಗುತ್ತಿವೆ ಎಂದು ಹುಡುಕುವ ಕ್ರಮ. ಅದರಲ್ಲಿ ರೋಗಿಯ ಹೆಸರೂ ವೈದ್ಯರ ಹೆಸರೂ ಇರಬಾರದು, ಇದ್ದರೆ ಯಾರೂ ನಿಜ ಬರೆಯುವುದಿಲ್ಲ. ಆದರೆ ಅದೇ ಕಾರಣಕ್ಕೆ, ಒಂದು ಕುಟುಂಬ ಕೇಳುವ ‘ನಮ್ಮ ಅಮ್ಮನಿಗೆ ಏಕೆ ಹೇಳಲಿಲ್ಲ’ ಎಂಬ ಪ್ರಶ್ನೆಗೆ ಆಡಿಟ್ ಉತ್ತರವಾಗಲಾರದು. ಅವೆರಡನ್ನೂ ಒಂದೇ ಎಂಬಂತೆ ತೋರಿಸಿ ನಿಮ್ಮನ್ನು ಸಾಗಹಾಕುತ್ತಿದ್ದರೆ ಅದು ಸರಿಯಲ್ಲ. ವೈದ್ಯಕೀಯ ಅಧೀಕ್ಷಕರಿಗೆ ಬೇರೆಯೇ ಪತ್ರ ಬರೆದು, ವರದಿ ಯಾವ ದಿನ ಯಾರ ಕೈ ಸೇರಿತು, ಸಮ್ಮರಿ ಬರೆಯುವಾಗ ಅದು ಬಂದಿತ್ತೇ, ಇಂದು ಅಂಥದೇ ವರದಿ ಬಂದರೆ ಏನು ನಡೆಯುತ್ತದೆ ಎಂದು ಕೇಳಿ. ಮ್ಯಾಮೊಗ್ರಾಂ ವರದಿ ಸಮ್ಮರಿಗೆ ಸಹಿಯಾದ ಮೇಲೆ ಬಂದಿದ್ದರೆ ಒಂದು ದೋಷ, ಮೊದಲೇ ಬಂದಿದ್ದರೆ ಇನ್ನೊಂದು ದೋಷ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಪ್ರಶ್ನೆ: ಬೆಳ್ತಂಗಡಿ ತಾಲೂಕಿನ ನಮ್ಮ ಊರಿನಲ್ಲಿ ಬಾಯಿ ಕ್ಯಾನ್ಸರ್ ತಪಾಸಣಾ ಶಿಬಿರ ಮಾಡಿದೆವು. ತುಂಬ ಜನ ಬಂದರು. ಕೆಲವರಿಗೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರು. ಅವರು ಹೋದರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದು ಶಿಬಿರ ಮಾಡಿದವರ ಕೆಲಸವೇ?

ಉತ್ತರ: ನಿಮ್ಮದೇ ಕೆಲಸ. ಶಿಬಿರದ ಲೆಕ್ಕವನ್ನು ಪರೀಕ್ಷಿಸಲ್ಪಟ್ಟವರ ಸಂಖ್ಯೆಯಿಂದ ಕೊಡುವ ರೂಢಿ ನಮ್ಮಲ್ಲಿದೆ, ಪತ್ರಿಕೆಗೆ ಹೋಗುವುದೂ ಅದೇ ಸಂಖ್ಯೆ ಮತ್ತು ದೀಪ ಬೆಳಗಿಸಿದ ಫೋಟೊ. ಆದರೆ ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟವಾಗುವಂತೆ ಒಳಚರ್ಮ ಬಿಗಿಯುವುದು, ಇವು ಕಂಡವರಲ್ಲಿ ಎಷ್ಟು ಮಂದಿಗೆ ಬಯಾಪ್ಸಿ ಆಯಿತು ಎಂಬುದೊಂದೇ ಶಿಬಿರದ ಫಲವನ್ನು ಹೇಳುವ ಲೆಕ್ಕ.

ಅಡಿಕೆಯೇ ಬದುಕಾಗಿರುವ ನಿಮ್ಮ ತಾಲೂಕಿನಲ್ಲಿ ಈ ಮಾತು ಹಿತವಾಗಿ ಕೇಳಿಸದಿರಬಹುದು. ಆದರೂ ಹೊಗೆಸೊಪ್ಪು ಬೆರೆಸದ ಅಡಿಕೆಯನ್ನು ಜಗಿಯುವುದೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ತೀರ್ಮಾನಿಸಿದೆ. ಆದ್ದರಿಂದ ‘ನಾನು ಬರೀ ಎಲೆಯಡಿಕೆ ಹಾಕುವುದು, ಹೊಗೆಸೊಪ್ಪು ಇಲ್ಲ’ ಎನ್ನುವವರ ಬಾಯಿಯನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಚೀಟಿ ಪಡೆದವರ ಹೆಸರು, ಮನೆ, ಎರಡು ಫೋನ್ ನಂಬರುಗಳನ್ನು ಅವರ ಒಪ್ಪಿಗೆ ಪಡೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ವಿಚಾರಿಸಬಲ್ಲರು. ಮುಂದಿನ ಶಿಬಿರದಲ್ಲಿ ಚೀಟಿಯ ಮೇಲೆ ದೊಡ್ಡ ಆಸ್ಪತ್ರೆ ಎಂದಷ್ಟೇ ಬರೆಯದೆ ಯಾವ ಆಸ್ಪತ್ರೆ, ಯಾವ ವಾರ, ಯಾವ ವಿಭಾಗ ಎಂಬುದನ್ನು ಮೊದಲೇ ಮಾತಾಡಿ ಗೊತ್ತು ಮಾಡಿ ಬರೆಸಿ. ಬಯಾಪ್ಸಿಗೆ ಒಪ್ಪುವ ಆಸ್ಪತ್ರೆ ಸಿಗುವವರೆಗೆ ಶಿಬಿರವನ್ನೇ ಮುಂದೂಡಿದರೂ ತಪ್ಪಲ್ಲ.

ಪ್ರಶ್ನೆ: ನಾನು ಪುತ್ತೂರಿನಲ್ಲಿ ಸಾಮಾನ್ಯ ವೈದ್ಯ. ಎದೆಯ ಎಕ್ಸ್‌ರೇಯಲ್ಲಿ ನೆರಳು ಕಂಡು ಕ್ಷಯವೆಂದು ಚಿಕಿತ್ಸೆ ಪಡೆದು, ತಿಂಗಳುಗಳ ನಂತರ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದವರನ್ನು ನೋಡಿದ್ದೇನೆ. ಆಸ್ಪತ್ರೆಯ ಆಡಿಟ್‌ನಲ್ಲಿ ಇದನ್ನು ವಿಳಂಬವೆಂದು ಎಣಿಸುವುದು ನ್ಯಾಯವೇ? ಕ್ಷಯ ನಮ್ಮಲ್ಲಿ ಅಷ್ಟು ಸಾಮಾನ್ಯವಲ್ಲವೇ?

ಉತ್ತರ: ಕ್ಷಯವೆಂದು ಮೊದಲು ಯೋಚಿಸಿದ್ದು ತಪ್ಪಲ್ಲ, ಆದ್ದರಿಂದ ಮೊದಲ ದಿನದ ಊಹೆಯನ್ನು ಅಳೆಯಬೇಡಿ. ಆ ಊಹೆಯನ್ನು ಮರುಪರಿಶೀಲಿಸುವ ದಿನವನ್ನು ಯಾರಾದರೂ ಗೊತ್ತುಪಡಿಸಿದ್ದರೇ ಎಂಬುದನ್ನು ಅಳೆಯಿರಿ. ಕಫದಲ್ಲಿ ರೋಗಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ ನ್ಯಾಟ್ ಪರೀಕ್ಷೆಯಲ್ಲಿ ರೋಗಾಣು ಕಂಡವರು ಒಂದು ಗುಂಪು. ರೋಗಾಣು ಕಾಣದಿದ್ದರೂ ಎಕ್ಸ್‌ರೇ ನೋಡಿ ಚಿಕಿತ್ಸೆ ಆರಂಭಿಸಿದವರು ಇನ್ನೊಂದು. ಆಡಿಟ್‌ಗೆ ಬೇಕಾದದ್ದು ಎರಡನೆಯ ಗುಂಪು. ಔಷಧಿಗೆ ಬಗ್ಗುವ ಕ್ಷಯದ ಆರು ತಿಂಗಳ ಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳು ತೀವ್ರ ಹಂತ; ಅದು ಮುಗಿಯುವಾಗ ಮತ್ತೊಂದು ಎಕ್ಸ್‌ರೇ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿದರೇ, ನೆರಳು ಕರಗದೆ ಇದ್ದಲ್ಲಿ ಸಿಟಿ ಸ್ಕ್ಯಾನ್ ಮತ್ತು ಬ್ರಾಂಕೋಸ್ಕೋಪಿಗೆ (ಶ್ವಾಸನಾಳದೊಳಗೆ ಕ್ಯಾಮೆರಾ ಇಳಿಸಿ ನೋಡುವುದು) ಕಳುಹಿಸಿದರೇ ಎಂಬುದನ್ನು ಮಾನದಂಡವಾಗಿ ಇಟ್ಟುಕೊಳ್ಳಬಹುದು. ಬೀಡಿ ಸಿಗರೇಟು ಸೇದುವ ಹಿರಿಯರಲ್ಲಿ, ಕಫದಲ್ಲಿ ರಕ್ತ ಬೀಳುವವರಲ್ಲಿ, ಧ್ವನಿ ಬದಲಾದವರಲ್ಲಿ ಎರಡು ತಿಂಗಳು ಕಾಯುವುದೂ ಹೆಚ್ಚಾಯಿತೆಂದೇ ನಾನು ಹೇಳುತ್ತೇನೆ. ರೋಗಾಣು ಸಿಕ್ಕಿದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದೂ ಅಲ್ಲ. ಎರಡೂ ಒಬ್ಬರಲ್ಲೇ ಇರಬಹುದು.

ಪುತ್ತೂರಿನ ನಿಮ್ಮಂಥವರು ಕಳುಹಿಸುವ ಚೀಟಿಯಲ್ಲಿ ಮೊದಲ ಎಕ್ಸ್‌ರೇಯ ದಿನಾಂಕ ಇದ್ದರೆ ಮಂಗಳೂರಿನಲ್ಲಿ ಆಡಿಟ್ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ. ಹಳೆಯ ಫಿಲ್ಮನ್ನೂ ರೋಗಿಯ ಕೈಯಲ್ಲಿ ಕೊಟ್ಟು ಕಳುಹಿಸಿ.

ಪ್ರಶ್ನೆ: ನಾನು ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿನಿ, ಊರು ಮಣಿಪಾಲ. ಇಂಗ್ಲೆಂಡಿನಲ್ಲಿ 62 ದಿನಗಳ ನಿಯಮವಿದೆಯೆಂದು ಓದಿದ್ದೇನೆ. ನಮ್ಮ ಆಡಿಟ್‌ಗಳಲ್ಲಿ ಅದನ್ನೇ ಮಾನದಂಡವಾಗಿ ತೆಗೆದುಕೊಳ್ಳಬಹುದೇ?

ಉತ್ತರ: ಸಂಖ್ಯೆಯನ್ನು ತರುವುದು ಸುಲಭ, ಆ ಗಡಿಯಾರ ಎಲ್ಲಿಂದ ಓಡಲು ಆರಂಭಿಸುತ್ತದೆ ಎಂಬುದನ್ನು ತರುವುದು ಕಷ್ಟ. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರ್‌ನಿಂದ ಮೂರು ಗಡುವುಗಳಿವೆ. ತುರ್ತಾಗಿ ಕಳುಹಿಸಿದ 28 ದಿನಗಳೊಳಗೆ ಕ್ಯಾನ್ಸರ್ ಇದೆ ಅಥವಾ ಇಲ್ಲವೆಂದು ರೋಗಿಗೆ ಹೇಳಬೇಕು. ಚಿಕಿತ್ಸೆಯ ತೀರ್ಮಾನವಾದ 31 ದಿನಗಳೊಳಗೆ ಚಿಕಿತ್ಸೆ ಆರಂಭವಾಗಬೇಕು. ಕಳುಹಿಸಿದ ದಿನದಿಂದ ಚಿಕಿತ್ಸೆಯ ಆರಂಭಕ್ಕೆ 62 ದಿನ ಮೀರಬಾರದು. ಗುರಿಗಳು ಕ್ರಮವಾಗಿ ನೂರಕ್ಕೆ 75, 96 ಮತ್ತು 85 ಎಂದು ಇಡಲಾಗಿತ್ತು. ಅಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರೂ ಒಬ್ಬ ಕುಟುಂಬ ವೈದ್ಯರ ಬಳಿ ನೋಂದಾಯಿತರು, ಅವರ ರೆಫರಲ್ ತಲುಪಿದ ದಿನವೇ ಗಡಿಯಾರದ ಆರಂಭ. ನಮ್ಮಲ್ಲಿ ಕುಂದಾಪುರದ ರೋಗಿ ಊರಿನ ಇಬ್ಬರು ಡಾಕ್ಟರರನ್ನೂ ಒಬ್ಬ ನಾಟಿ ವೈದ್ಯರನ್ನೂ ಕಂಡು, ಯಾವ ಚೀಟಿಯೂ ಇಲ್ಲದೆ ನೇರವಾಗಿ ತಜ್ಞರ ಎದುರು ಬಂದು ಕೂರುತ್ತಾರೆ. ಹಾಗಾಗಿ ನಿಮ್ಮ ಆಸ್ಪತ್ರೆಗೆ ಆ ತೊಂದರೆಯೊಂದಿಗೆ ಮೊದಲು ಬಂದ ದಿನವನ್ನೇ ಆರಂಭವೆಂದು ಹಿಡಿಯಿರಿ, ಅದಕ್ಕೂ ಹಿಂದಿನದನ್ನು ಬೇರೆ ಅಂಕಣದಲ್ಲಿ ಬರೆಯಿರಿ. ಸ್ತನ ಕ್ಯಾನ್ಸರ್‌ಗಂತೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಜಾಗತಿಕ ಉಪಕ್ರಮದ ಗುರಿ ನಮಗೆ ಹೆಚ್ಚು ಹೊಂದುತ್ತದೆ: ಮೊದಲು ತೋರಿಸಿಕೊಂಡ 60 ದಿನಗಳೊಳಗೆ ರೋಗನಿರ್ಣಯ, ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಮೊದಲ ಅಥವಾ ಎರಡನೆಯ ಹಂತದಲ್ಲೇ ಪತ್ತೆ, ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಪೂರ್ಣ ಚಿಕಿತ್ಸೆ.

ಇಲ್ಲಿಯ ಗಡಿಯಾರದಲ್ಲಿ ಮಾತ್ರ ಇರುವ ಒಂದು ಅಂತರವನ್ನು ಮರೆಯಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದಾಗ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಗೊತ್ತುಪಡಿಸಲಾಯಿತು. ಈ ನೆರವಿಗಾಗಿ ರೆಫರಲ್ ಪತ್ರ ಕೇಳಿದ ದಿನ, ಸಿಕ್ಕಿದ ದಿನ, ಅನುಮತಿ ಬಂದ ದಿನ, ಈ ಮೂರನ್ನು ಬರೆದಿಟ್ಟರೆ ತಡವಾದದ್ದು ಮೈಕ್ರೋಸ್ಕೋಪಿನ ಬಳಿಯೋ ಕಾಗದಪತ್ರದ ಕೌಂಟರಿನ ಬಳಿಯೋ ಎಂಬುದು ತಿಳಿಯುತ್ತದೆ. ಹಾಗೆ ಬಿಡಿಸಿ ಬರೆಯದ ಆಡಿಟ್‌ನಲ್ಲಿ ಎಲ್ಲ ವಿಳಂಬವೂ ಪೆಥಾಲಜಿಯವರ ತಲೆಗೆ ಬರುತ್ತದೆ, ಅವರು ಮುಂದಿನ ಸಲ ಸಭೆಗೇ ಬರುವುದಿಲ್ಲ.

ಪ್ರಶ್ನೆ: ಕುಂದಾಪುರದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿದ್ದೇನೆ. ಆಡಿಟ್‌ಗೆಂದು ವೈದ್ಯರು ಕೇಸ್ ಶೀಟ್‌ಗಳನ್ನು ಕೇಳುತ್ತಾರೆ, ಕೆಲವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಇದಕ್ಕೆ ನೈತಿಕ ಸಮಿತಿಯ ಅನುಮತಿ ಬೇಕೇ?

ಉತ್ತರ: ಮೊಬೈಲಿನ ಫೋಟೊವನ್ನು ಇಂದೇ ನಿಲ್ಲಿಸಿ. ಅನುಮತಿಯ ವಿಷಯದಲ್ಲಿ, ಸಂಸ್ಥೆಯೊಳಗಿನ ಗುಣಮಟ್ಟದ ಆಡಿಟ್‌ಗಳಿಗೆ ರೋಗಿಯ ಗುರುತು ಸೇರಿರದಿದ್ದರೆ ಪರಿಶೀಲನೆಯಿಂದ ವಿನಾಯಿತಿ ಸಿಗಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿದೆ. ಆದರೆ ವಿನಾಯಿತಿ ಇದೆಯೇ ಎಂದು ಹೇಳಬೇಕಾದದ್ದು ಸಮಿತಿ, ಆಡಿಟ್ ಮಾಡುವವರಲ್ಲ. ಮುಂದೆ ಅದನ್ನು ಪ್ರಬಂಧವಾಗಿಸುವ ಆಲೋಚನೆ ಇದ್ದರೆ ಕೆಲಸ ಆರಂಭಿಸುವ ಮೊದಲೇ ಸಮಿತಿಗೆ ಬರೆಯಲು ಹೇಳಿ, ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಆಡಿಟ್‌ನ ಹಾಳೆಯಲ್ಲಿ ಹೆಸರು, ಫೋನ್, ಆಸ್ಪತ್ರೆಯ ನೋಂದಣಿ ಸಂಖ್ಯೆ ಇರಕೂಡದು. ಪ್ರತಿ ರೋಗಿಗೂ ಬೇರೆ ಕ್ರಮಸಂಖ್ಯೆ ಕೊಟ್ಟು, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ನಿಮ್ಮ ವಿಭಾಗದಲ್ಲೇ ಬೀಗದೊಳಗೆ ಇಡಿ. ತಪಾಸಣೆ ತಪ್ಪಿದ ರೋಗಿ ಸಿಕ್ಕಿದಾಗ ಅವರನ್ನು ಕರೆಸಲು ಆ ಪಟ್ಟಿ ಬೇಕಾಗುತ್ತದೆ, ಹಾಗಾಗಿ ಆಡಿಟ್ ಮುಗಿಯಿತೆಂದು ಕೂಡಲೇ ಹರಿದು ಹಾಕಬೇಡಿ. ಕೇಸ್ ಶೀಟ್ ಸಿಗಲಿಲ್ಲವೆಂದರೆ ಅದನ್ನೂ ಬರೆದು ಕೊಡಿ. ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ವರದಿಯ ಮೊದಲ ಪುಟದಲ್ಲೇ ಹಾಕಬೇಕೆಂದು ವೈದ್ಯರಿಗೆ ನೀವೇ ಹೇಳಬಹುದು.